ಎಡಗಾಲಿನ ಶೂಗೆ ಒಂದು ತೂತು

ಆಗಸ್ಟ್ 3, ಸೋಮವಾರ

ಅಂಟು ಹಚ್ಚಿ ಇಟ್ಟಿದ್ದೇನೆ. ಅದು ಹದಕ್ಕೆ ಬರುವವರೆಗೆ ಹದಿನೈದು ನಿಮಿಷ ಸುಮ್ಮನೆ ಕೂರಬೇಕು. ಸುಮ್ಮನೆ ಕೂರುವ ವಿದ್ಯೆ ನನಗೆ ಹತ್ತಲೇ ಇಲ್ಲ, ಅದಕ್ಕೇ ಈ ಪುಸ್ತಕ ತೆಗೆದೆ. ಬಲಪುಟದಲ್ಲಿ ಅಳತೆಗೆ ಗಿರಾಕಿಗಳ ಪಾದದ ಸುತ್ತ ಎಳೆದ ಗೆರೆ ಇದೆ. ಎಡಪುಟ ಖಾಲಿ. ಎಡಪುಟ ಇನ್ನು ನನ್ನದು.

ಎಡ ಅಂದರೆ ನನಗೆ ಮೊದಲಿಂದಲೂ ಒಂದು ತೂಕ ಹೆಚ್ಚು. ಶೂ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಇದ್ದೆ, ನನ್ನ ಬೆಂಚಿಗೆ ಬರುತ್ತಿದ್ದುದು ಎಡಗಾಲಿನ ಶೂ ಮಾತ್ರ. ಬಲಗಾಲಿನದು ಎದುರು ಬೆಂಚಿನವಳಿಗೆ. ಕಾರ್ಖಾನೆ ಮುಚ್ಚಿದ ಮೇಲೆ ಒಂದು ಹಳೇ ಜೋಡಿ ಹಿಡಿದುಕೊಂಡು ಕೂತೆ. ಪೂರ್ತಿ ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ. ಹಾಗೆ ಇಡೀ ಶೂ ಮಾಡುವುದನ್ನು ಯಾರ ಹಂಗೂ ಇಲ್ಲದೆ ಕಲಿತೆ. ಓದುಬರಹ ಕಲಿತದ್ದೂ ಶೂ ಡಬ್ಬಿಗಳ ಮೇಲಿನ ಅಕ್ಷರ ಕೂಡಿಸಿಯೇ. ಈಗ ಅಂಗಡಿಯ ಬೋರ್ಡಿನ ಮೇಲೆ ನಾನೇ ಹೇಳಿ ಬರೆಸಿದ ಸಾಲಿದೆ: "ಹಾಕಿಕೊಂಡದ್ದು ಕಾಲಿಗೇ ಗೊತ್ತಾಗದು." ಇಪ್ಪತ್ತಾರು ವರ್ಷದಲ್ಲಿ ನನ್ನ ಶೂ ಕಚ್ಚಿತು ಅಂತ ಒಬ್ಬರೂ ವಾಪಸು ತಂದಿಲ್ಲ.

ವಿಷಯ ಏನೆಂದರೆ, ಮೊಮ್ಮಗಳ ಮೈದಾನಕ್ಕೆ ವೇಗ ಅಳೆಯುವ ಯಂತ್ರ ಬಂದಿದೆ. ಮಗಳ ಮಗಳು. ಕಾಲು ನೋಡಿ ನಾವು ಕೊಕ್ಕರೆ ಅಂತ ಕರೆಯುತ್ತೇವೆ. ಹದಿನಾಲ್ಕಕ್ಕೇ ನನ್ನ ನೆತ್ತಿಯ ಮೇಲೆ ಗಲ್ಲ ಊರಿ ಮಾತಾಡುತ್ತಿದ್ದಳು. ಅವಳು ವೇಗದ ಬೌಲರ್. ಯಂತ್ರದಲ್ಲಿ ಗಂಟೆಗೆ ನೂರ ಎರಡು ಕಿಲೋಮೀಟರ್ ಬಂತಂತೆ. ಮುಂದಿನ ತಿಂಗಳು ಆರನೇ ತಾರೀಖು ವೇಗದ ಬೌಲರುಗಳ ಶಿಬಿರಕ್ಕೆ ಆಯ್ಕೆ. ಆರು ಚೆಂಡು ಕೊಡುತ್ತಾರೆ. ಅದರಲ್ಲಿ ಒಂದಾದರೂ ನೂರ ಹತ್ತು ಮುಟ್ಟಬೇಕು. ಮುಟ್ಟಿದರೆ ಒಂದು ವರ್ಷ ಅಲ್ಲೇ ಇಟ್ಟುಕೊಂಡು ಕಲಿಸುತ್ತಾರೆ. ಹದಿನೇಳು ದಾಟಿದರೆ ಇನ್ನೊಂದು ಅವಕಾಶ ಇಲ್ಲ.

ಎಂಟೇ ಎಂಟು ಕಿಲೋಮೀಟರ್. ಬಸ್ಸಿನಲ್ಲಾದರೆ ಎರಡು ಸ್ಟಾಪು.

ಆಗಸ್ಟ್ 5, ಬುಧವಾರ

ಇವತ್ತು ಬೆಂಚಿನ ಮೇಲೆ ದೊಡ್ಡ ಸಭೆ. ನನ್ನ ಅಂಗಡಿಗೂ ಗಡಿಯಾರ ರಿಪೇರಿ ಅಂಗಡಿಗೂ ಒಂದೇ ಗೋಡೆ, ಹೊರಗೆ ಒಂದೇ ಬೆಂಚು. ಗಡಿಯಾರದಯ್ಯ ಬೆಳಗ್ಗೆ ಮುಳ್ಳು ಹಿಡಿದು ಕೂತರೆ ಸಂಜೆಯೊಳಗೆ ಹತ್ತು ಗಡಿಯಾರ, ಇಪ್ಪತ್ತು ಸಿದ್ಧಾಂತ ಹೊರಗೆ ಬರುತ್ತವೆ. ಕೊಕ್ಕರೆಯ ಕೋಚ್ ಮೇಷ್ಟ್ರೂ ಚಹಾಕ್ಕೆ ಬಂದಿದ್ದರು. ಅವರು ತಮ್ಮ ಕಾಲದಲ್ಲಿ ನಿಧಾನದ ಬೌಲರ್. ಈಗಲೂ ಚಹಾ ಕುಡಿಯುವುದು ಆ ವೇಗದಲ್ಲೇ.

ಮಾತು ಬಂದದ್ದು, ಕೆಲವು ದೇಶಗಳಲ್ಲಿ ವೇಗದ ಬೌಲರುಗಳು ಸಾಲುಸಾಲಾಗಿ ಹುಟ್ಟುತ್ತಾರೆ, ನಮ್ಮ ಕಡೆ ಯಾಕೆ ಹುಡುಕಿದರೂ ಸಿಗಲ್ಲ ಅಂತ.

"ಅಕ್ಕಾ, ಆಸ್ಟ್ರೇಲಿಯಾದಲ್ಲಿ ನೆಲ ಗಟ್ಟಿ," ಅಂದ ಗಡಿಯಾರದಯ್ಯ. "ಚೆಂಡು ಬಿದ್ರೆ ಎದೆಗೆ ಏಳುತ್ತೆ. ಅಂಥ ಕಡೆ ಯಾವ ಮಗೂಗಾದ್ರೂ ಜೋರಾಗಿ ಹಾಕೋಣ ಅನ್ಸುತ್ತೆ. ನಮ್ಮ ನೆಲದಲ್ಲಿ ಚೆಂಡು ಮೊಣಕಾಲವರೆಗೆ ಬಂದು ಕ್ಷಮೆ ಕೇಳಿ ಹೋಗುತ್ತೆ."

"ಪಾಕಿಸ್ತಾನದ ನೆಲವೂ ಅಷ್ಟೇನೂ ಗಟ್ಟಿ ಅಲ್ವಲ್ಲ," ಅಂದರು ಮೇಷ್ಟ್ರು.

"ಅಲ್ಲಿ ಟೆನ್ನಿಸ್ ಚೆಂಡಿಗೆ ಟೇಪ್ ಸುತ್ತಿ ಆಡ್ತಾರೆ. ಹಗುರದ ಚೆಂಡು ಓಡ್ಬೇಕಾದ್ರೆ ಭುಜ ಬೀಸ್ಲೇಬೇಕು."

"ಅದು ನಮ್ಮ ಬೀದೀಲೂ ಇದೆ," ಅಂದೆ ನಾನು. "ಮೊನ್ನೆ ನನ್ನ ಪಾಲಿಶ್ ಡಬ್ಬಿ ಉರುಳಿಸಿದ್ದೇ ಅಂಥದ್ದೊಂದು."

"ಇದೆ ಅಕ್ಕಾ. ಆದ್ರೆ ಇಲ್ಲಿ ಎಲ್ರಿಗೂ ಬ್ಯಾಟೇ ಬೇಕು. ಬೌಲಿಂಗ್ ಮಾಡೋನು ಯಾರು ಅಂದ್ರೆ, ಬ್ಯಾಟ್ ಸರದಿ ಇನ್ನೂ ಬರದೇ ಇರೋನು."

ಎಲುಬಿನ ಗಟ್ಟಿತನ, ಊಟ, ಮಾಂಸ, ಹಾಲು ಎಲ್ಲ ಒಂದು ಸುತ್ತು ಬಂದವು. ಆಗ ಮೇಷ್ಟ್ರು ಲೋಟ ಕೆಳಗಿಟ್ಟು ಒಂದು ಮಾತು ಹೇಳಿದರು. "ವೆಸ್ಟ್ ಇಂಡೀಸ್‌ನಲ್ಲಿ ಒಂದು ಕಾಲಕ್ಕೆ ನಾಲ್ಕು ಜನ ಸಾಲಾಗಿ ನಿಂತಿರೋರು. ಒಬ್ಬ ದಣಿದ ಅಂತ ಉಸಿರು ಬಿಡೋಷ್ಟ್ರಲ್ಲಿ ಇನ್ನೊಬ್ಬ. ಆಮೇಲೆ ಅಲ್ಲೂ ಕಡಿಮೆಯಾದ್ರು. ಎಲುಬೇ ಕಾರಣ ಅನ್ನೋದಾದ್ರೆ, ಎಲುಬು ಅಷ್ಟು ಬೇಗ ಬದಲಾಗುತ್ತಾ?"

ಗಡಿಯಾರದಯ್ಯ ತನ್ನ ಎಲುಬನ್ನೇ ಒಮ್ಮೆ ಒತ್ತಿ ನೋಡಿಕೊಂಡ.

ಕಾರಣ ನನಗೆ ಗೊತ್ತು. ಕಾಲು ನೋಯುತ್ತದೆ. ಹದಿನೈದು ಹೆಜ್ಜೆ ಓಡಿ ಬಂದು ಧೊಪ್ಪೆಂದು ಕಾಲಿಡುವ ಮಗುವಿಗೆ ನೋಯದ ಶೂ ಕೊಟ್ಟರೆ ತಾನಾಗಿ ವೇಗ ಬರುತ್ತದೆ. ಪರದೇಶದವರ ಗುಟ್ಟು ಅಷ್ಟೇ. ಅಂಥ ಶೂ ಈ ಊರಿನಲ್ಲಿ ಮಾಡಬಲ್ಲವಳು ಒಬ್ಬಳಿದ್ದಾಳೆ. ಹಿಮ್ಮಡಿಯ ಕೆಳಗೆ ಎರಡಲ್ಲ, ಮೂರು ಪದರ ಸ್ಪಂಜು ಹಾಕುತ್ತೇನೆ. ಹುಟ್ಟುಹಬ್ಬಕ್ಕೆ ಕೊಡುವುದು.

ಆಗಸ್ಟ್ 8, ಶನಿವಾರ

ಕೊಕ್ಕರೆಗೆ ಹದಿನೇಳು ತುಂಬಿತು. ಶೂ ಕೊಟ್ಟೆ. ಬಿಳಿ ಚರ್ಮ, ಒಂದು ಹೊಲಿಗೆಯೂ ಹೊರಗೆ ಕಾಣದು. ಹಾಕಿಕೊಂಡು ಅಂಗಡಿಯೊಳಗೆ ಎರಡು ಹೆಜ್ಜೆ ಹಾಕಿ, "ಅಜ್ಜಿ, ಮೋಡದ ಮೇಲೆ ನಡೆದ ಹಾಗಿದೆ" ಅಂದಳು. ತಬ್ಬಿಕೊಂಡಳು. ನನ್ನ ಕನ್ನಡಕ ವಾರೆಯಾಯಿತು.

ಪ್ರತಿ ಹುಟ್ಟುಹಬ್ಬಕ್ಕೂ ಅವಳ ಪಾದದ ಗೆರೆ ಎಳೆಯುವುದು ನಮ್ಮ ಮನೆಯ ಪದ್ಧತಿ. ಈ ಸಲ ಸಾಕ್ಸ್ ಬಿಚ್ಚಲಿಲ್ಲ. ಚಳಿ ಅಂದಳು. ಚಳಿ ಏನಿರಲಿಲ್ಲ. ವಯಸ್ಸಿಗೆ ಬಂದ ಮಕ್ಕಳಿಗೆ ಯಾವ್ಯಾವುದಕ್ಕೋ ನಾಚಿಕೆ. ಸಾಕ್ಸ್ ಮೇಲೆಯೇ ಎಳೆದೆ. ಕಳೆದ ವರ್ಷಕ್ಕಿಂತ ಅರ್ಧ ಬೆರಳು ಉದ್ದ.

ಆಗಸ್ಟ್ 13, ಗುರುವಾರ

ಹೊಸ ಶೂ ಹಾಕಿಕೊಂಡರೂ ನೂರ ಒಂದು. ಯಂತ್ರ ಸರಿಯಿಲ್ಲ ಅನಿಸುತ್ತದೆ. ಗಡಿಯಾರದಯ್ಯನಿಗೆ ಹೋಗಿ ನೋಡಿ ಬಾ ಅಂದೆ. "ಅದು ಗಡಿಯಾರ ಅಲ್ಲ ಅಕ್ಕಾ" ಅಂದ. ಅಷ್ಟೂ ಬರದಿದ್ದರೆ ಎಂಥ ರಿಪೇರಿಯವನು.

ಆಗಸ್ಟ್ 18, ಮಂಗಳವಾರ

ಕೊಕ್ಕರೆಯ ಶೂ ಒರೆಸಿ ಕೊಡಲು ಮನೆಯಿಂದ ತಂದೆ. ಹತ್ತು ದಿನದ ಅಭ್ಯಾಸದ ನಂತರವೂ ಅಟ್ಟೆ ಹೊಸದರಂತಿದೆ, ಒಂದೆರಡು ಗೀರು ಅಷ್ಟೇ. ಮೂಸಿ ನೋಡಿದರೆ ಇನ್ನೂ ಅಂಗಡಿಯ ವಾಸನೆ. ಚರ್ಮ ಆರಿಸುವಾಗ ನಾನು ಎಷ್ಟು ತಲೆ ತಿಂದೆ ಅಂತ ಚರ್ಮದ ವ್ಯಾಪಾರಿಗೆ ಗೊತ್ತು. ತಿಂದದ್ದಕ್ಕೂ ಸಾರ್ಥಕ.

ಮಧ್ಯಾಹ್ನ ಮೇಷ್ಟ್ರು ಚೀಲ ಹಿಡಿದು ಬಂದರು. ಒಳಗೆ ಒಂದು ಜೊತೆ ಹಳೇ ಶೂ, ದೋಣಿಯಷ್ಟು ಉದ್ದ. ಎಷ್ಟೋ ವರ್ಷದ ಹಿಂದೆ ಇಲ್ಲಿ ಆಡಲು ಬಂದಿದ್ದ ಪರದೇಶದ ವೇಗದ ಬೌಲರೊಬ್ಬರು ಆಟಗಾರರ ಕೋಣೆಯಲ್ಲಿ ಬಿಟ್ಟು ಹೋದದ್ದಂತೆ. ಮೇಷ್ಟ್ರು ದೇವರ ಹಾಗೆ ಜೋಪಾನ ಮಾಡಿದ್ದಾರೆ.

"ಅಮ್ಮಾ, ಇದನ್ನ ಸ್ವಲ್ಪ ನೋಡಿ. ಶುಕ್ರವಾರ ತಗೋತೀನಿ," ಅಂದರು. ಇನ್ನೇನೋ ಹೇಳುವವರಿದ್ದರು, ನುಂಗಿಕೊಂಡರು. ಅಭ್ಯಾಸಕ್ಕೆ ಹೊತ್ತಾಯಿತು ಅಂತ ಓಡಿದರು.

ಏನು ನುಂಗಿಕೊಂಡರು ಅಂತ ಚೀಲ ಬಿಚ್ಚಿದ ಮೇಲೆ ತಿಳಿಯಿತು. ಎಡಗಾಲಿನ ಶೂಗೆ ಹೆಬ್ಬೆರಳ ಜಾಗದಲ್ಲಿ ಒಂದು ತೂತು. ಇಲಿ ಕಡಿದದ್ದಲ್ಲ, ಯಾರೋ ಚಾಕುವಿನಿಂದಲೇ ಕೊರೆದಿದ್ದಾರೆ. ಇಷ್ಟು ಒಳ್ಳೆಯ ಚರ್ಮಕ್ಕೆ ಕೈ ಹಾಕಲು ಯಾವ ಕಟುಕನಿಗೆ ಮನಸ್ಸು ಬಂತೋ. ಪಾಪ, ಮೇಷ್ಟ್ರಿಗೆ ರಿಪೇರಿ ಮಾಡಿಕೊಡಿ ಅಂತ ಬಾಯಿಬಿಟ್ಟು ಕೇಳಲು ಸಂಕೋಚ.

ಆಗಸ್ಟ್ 20, ಗುರುವಾರ

ಮುಗಿಯಿತು. ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಅದೇ ಬಣ್ಣದ ಚರ್ಮ ಹುಡುಕಿ, ಅಂಚು ಕಾಗದದಷ್ಟು ತೆಳ್ಳಗೆ ಕೆತ್ತಿ, ಒಳಗಿನಿಂದ ಹೊಲಿದೆ. ಎಡಗಾಲಿನ ಶೂನ ಮೂತಿಯ ಮೇಲೆ ಬೆರಳಾಡಿಸಿದರೂ ತೂತು ಎಲ್ಲಿತ್ತು ಅಂತ ಸಿಗುವುದಿಲ್ಲ. ಗಡಿಯಾರದಯ್ಯ ತನ್ನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ, "ಅಕ್ಕಾ, ನಿಮ್ಮ ಕೈ ನಿಮ್ಮದೇ" ಅಂದ. ನನ್ನ ಜನ್ಮದಲ್ಲಿ ಹಾಕಿದ ತೇಪೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಬರೆದಿಡುತ್ತಿದ್ದೇನೆ, ನಾಳೆ ಮರೆತು ವಿನಯದ ಮಾತಾಡಬಾರದು.

ಆಗಸ್ಟ್ 21, ಶುಕ್ರವಾರ

ಮೇಷ್ಟ್ರು ಬರುವವರೆಗೆ ಕಾಯಲಾಗಲಿಲ್ಲ. ಸಂಜೆ ನಾನೇ ಮೈದಾನಕ್ಕೆ ಹೋದೆ. ನಾನು ಎಂದೂ ಅಲ್ಲಿಗೆ ಹೋಗುವವಳಲ್ಲ. ಕೊಕ್ಕರೆ ಓಡಿ ಬರುವಾಗ ಭಯಕ್ಕೆ ನನ್ನ ಕಣ್ಣು ಮುಚ್ಚಿಕೊಳ್ಳುತ್ತದೆ.

ಚೀಲದಿಂದ ಶೂ ತೆಗೆದು ಮೇಷ್ಟ್ರ ಕೈಗಿಟ್ಟೆ. ಅವರು ಎಡಗಾಲಿನದನ್ನು ತಿರುಗಿಸಿ ನೋಡಿದರು. ಬಲಗಾಲಿನದನ್ನು ನೋಡಿದರು. ಮತ್ತೆ ಎಡದ್ದು. ನಾನು ಮೆಚ್ಚುಗೆ ಅಂದುಕೊಂಡು ನಿಂತೆ.

ಕೊಕ್ಕರೆ ಬಂದಳು. ನೋಡಿದಳು. ಹುಲ್ಲಿನ ಮೇಲೆ ಕೂತು ನಗತೊಡಗಿದಳು. ನಗು ನಿಲ್ಲಿಸಲಾಗದೆ ಹೊಟ್ಟೆ ಹಿಡಿದುಕೊಂಡು ಮಗ್ಗುಲಾದಳು.

"ಅಜ್ಜಿ, ಅದು ಹರಿದದ್ದಲ್ಲ. ಅವ್ರೇ ಕತ್ತರಿಸಿಕೊಂಡದ್ದು."

"ತನ್ನ ಶೂಗೆ ತಾನೇ ಯಾರು ಚಾಕು ಹಾಕ್ತಾರೆ?"

"ವೇಗದ ಬೌಲರ್‌ಗಳು ಅಮ್ಮಾ," ಅಂದರು ಮೇಷ್ಟ್ರು. ಮೆಲ್ಲಗೆ, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ. "ಬಲಗೈಯವರಿಗೆ ಎಡಗಾಲು ಮುಂದೆ ಬಂದು ನೆಲಕ್ಕೆ ಅಪ್ಪಳಿಸುತ್ತೆ. ಮೈಯೆಲ್ಲ ಅಲ್ಲಿ ನಿಲ್ಲುತ್ತೆ. ಹೆಬ್ಬೆರಳು ಮಾತ್ರ ನಿಲ್ಲೋದಿಲ್ಲ. ಮುಂದಕ್ಕೆ ಜಾರಿ ಶೂನ ಮೂತಿಗೆ ಗುದ್ದುತ್ತೆ. ಓವರಿಗೆ ಆರು ಸಲ. ಅದಕ್ಕೇ ಆ ಜಾಗ ಬಿಡಿಸಿಕೊಳ್ತಾರೆ. ಆ ತೂತನ್ನೇ ನೀವು ನೋಡ್ಲಿ ಅಂತ ತಂದಿದ್ದೆ. ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ."

"ಯಾಕೆ? ನನಗೇನು ಕಿವಿ ಕೇಳಲ್ವಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕೊಕ್ಕರೆ ನಗು ನಿಲ್ಲಿಸಿ ಎಡಗಾಲಿನ ಸಾಕ್ಸ್ ಬಿಚ್ಚಿದಳು. ಹೆಬ್ಬೆರಳ ಉಗುರು ಕಪ್ಪಾಗಿತ್ತು. ಒಣಗಿದ ದ್ರಾಕ್ಷಿಯ ಕಪ್ಪು. ಎರಡು ತಿಂಗಳಿಂದ ಹಾಗೇ ಇದೆಯಂತೆ.

ಅವಳು ಬಿಚ್ಚಿಟ್ಟ ಶೂ ಬೆಂಚಿನ ಕೆಳಗಿತ್ತು. ನನ್ನದಲ್ಲ. ನೀಲಿ ಬಣ್ಣದ್ದು, ಒಂದು ಸೈಜು ದೊಡ್ಡದು, ಮೂತಿಯಲ್ಲಿ ಬಟ್ಟೆ ತುರುಕಿದೆ. ಜೊತೆಯ ಹುಡುಗಿಯೊಬ್ಬಳಿಂದ ಕೇಳಿ ಪಡೆದದ್ದು.

"ನಿನ್ನ ಶೂ ತುಂಬ ಚೆನ್ನಾಗಿದೆ ಅಜ್ಜಿ. ನಡೆಯೋಕೆ," ಅಂದಳು. "ಎರಡು ದಿನ ಹಾಕಿ ನೋಡ್ದೆ. ಬೌಲ್ ಮಾಡ್ವಾಗ ಕಾಲು ಊರಿದ್ರೆ ಒಳಗೆ ಇಳಿಯುತ್ತೆ. ಹಾಸಿಗೆ ಮೇಲೆ ನೆಗೆದ ಹಾಗೆ. ಮಂಡಿ ಬಗ್ಗುತ್ತೆ. ಓಡಿ ಬಂದದ್ದೆಲ್ಲ ಅಲ್ಲೇ ಹೋಗ್ಬಿಡುತ್ತೆ."

"ಈ ನೀಲೀದ್ರಲ್ಲಿ ಎಷ್ಟು ಬಂತು?"

"ನೂರ ಐದು."

"ಹೇಳ್ಬಾರ್ದಿತ್ತಾ?"

"ನೀನು ಅಷ್ಟು ಖುಷಿಯಾಗಿ ಕೊಟ್ಟಿದ್ದೆ."

ಅಟ್ಟೆಯಲ್ಲಿ ಗೀರು ಅಷ್ಟು ಕಡಿಮೆ ಇದ್ದದ್ದು ಯಾಕೆ ಅಂತ ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಶೂ ಮಾಡುವವಳಿಗೆ ಹೊಳೆಯಲು ಮೂರು ದಿನ ಬೇಕಾಯಿತು.

ಆಗಸ್ಟ್ 22, ಶನಿವಾರ

ಎರಡು ಜೊತೆ ಚಪ್ಪಲಿ, ಒಂದು ಶಾಲೆ ಚೀಲದ ಜಿಪ್ಪು. ಗಡಿಯಾರದಯ್ಯ ಮಾತಾಡಿಸಲು ನೋಡಿದ. ಅಂಟು ಬೇಗ ಒಣಗಿತು.

ಆಗಸ್ಟ್ 24, ಸೋಮವಾರ

ಮೇಷ್ಟ್ರ ಹತ್ತಿರ ಹೋಗಿ ಆ ದೋಣಿ ಶೂ ಬಿಚ್ಚಿ ನೋಡಲು ಕೇಳಿದೆ. ಮತ್ತೆ ಮೊದಲಿನಂತೆಯೇ ಹೊಲಿದು ಕೊಡುತ್ತೇನೆ ಅಂದೆ. "ಮೊದಲಿನಂತೆ ಅಂದ್ರೆ ತೂತಿನ ಸಮೇತ ತಾನೇ?" ಅಂದರು. ಅವರಿಗೂ ತಮಾಷೆ ಬರುತ್ತದೆ ಅಂತ ಇವತ್ತೇ ಗೊತ್ತಾದದ್ದು.

ಮೊದಲು ನನ್ನ ತೇಪೆಯನ್ನೇ ಕಿತ್ತೆ. ಅಷ್ಟು ಗಟ್ಟಿಯಾಗಿ ಯಾಕೆ ಹೊಲಿದೆನೋ.

ಆಮೇಲೆ ಅಟ್ಟೆ. ಹಿಮ್ಮಡಿಯ ಕೆಳಗೆ ಸ್ಪಂಜಿಲ್ಲ, ಮಣೆಯಂತೆ ಗಟ್ಟಿ. ಮೇಲೆ ಒಂದೇ ಒಂದು ತೆಳು ಪದರ. ನಡುವೆ ಬಗ್ಗದ ತಗಡು. ಇದನ್ನು ಮಾಡಿದವನಿಗೆ ಕಾಲಿನ ಮೇಲೆ ಕನಿಕರವೇ ಇರಲಿಲ್ಲ ಅನಿಸಿತು. ಹಿಂಭಾಗ ಬಿಚ್ಚಿದಾಗ ಅಲ್ಲಿ ಹಿಮ್ಮಡಿಯನ್ನು ಹಿಡಿಯುವ ಬಟ್ಟಲು ಇತ್ತು. ಒಳಗೆ ನಯವಾದ ಚರ್ಮ, ಎರಡು ಸಾಲು ಹೊಲಿಗೆ. ಮಗುವಿನ ತಲೆಯನ್ನು ಅಂಗೈಯಲ್ಲಿ ಹಿಡಿಯುತ್ತೇವಲ್ಲ, ಹಾಗೆ. ಕನಿಕರ ಎಲ್ಲ ಅಲ್ಲಿದೆ. ಕಾಲು ನೆಲಕ್ಕೆ ಬಡಿಯುವುದನ್ನು ಈ ಶೂ ತಡೆಯುವುದಿಲ್ಲ. ಬಡಿದಾಗ ಅಲುಗದಂತೆ ಹಿಡಿದುಕೊಳ್ಳುತ್ತದೆ.

ಗಡಿಯಾರದಯ್ಯ ಇಣುಕಿ ನೋಡಿ, "ಗಡಿಯಾರದಲ್ಲೂ ಅಷ್ಟೇ ಅಕ್ಕಾ. ಮುಳ್ಳು ಜಿಗೀಬೇಕಾದ್ರೆ ಹಿಂದೆ ಏನೋ ಒಂದು ಗಟ್ಟಿಯಾಗಿ ನಿಂತಿರ್ಬೇಕು" ಅಂದ. ಇಪ್ಪತ್ತು ಸಿದ್ಧಾಂತದಲ್ಲಿ ಒಂದು ಸರಿಯಿತ್ತು.

ಆಸ್ಟ್ರೇಲಿಯಾದ ನೆಲ ಗಟ್ಟಿ, ನಮ್ಮದು ಮೆತ್ತಗೆ ಅಂತಾರೆ. ಮೆತ್ತಗಿನ ನೆಲದ ಮೇಲೆ ಮೂರು ಪದರ ಸ್ಪಂಜು ಹಾಸಿದವಳು ನಾನು.

ಆಗಸ್ಟ್ 29, ಶನಿವಾರ

ಹೊಸ ಶೂ ಅರ್ಧ ಆಗಿದೆ. ಬಟ್ಟಲಿಗೆ ನಾಲ್ಕು ಸಲ ಅಚ್ಚು ಬದಲಿಸಿದೆ.

ಮಗಳು ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದಳು. ನರ್ಸ್ ಕೆಲಸ. ಬಂದರೆ ಮೊದಲು ನನ್ನ ಕೈ ಹಿಡಿದು ನಾಡಿ ನೋಡುವ ಅಭ್ಯಾಸ, ಮಾತು ಆಮೇಲೆ.

"ಉಗುರಿನ ವಿಷಯ ನಿನಗೆ ಗೊತ್ತಿತ್ತಾ?" ಅಂತ ಕೇಳಿದೆ.

"ನಾನೇ ನೋಡ್ತಾ ಇದ್ದೀನಲ್ಲ. ಆ ಉಗುರು ಹೋಗುತ್ತೆ, ಇನ್ನೊಂದು ಬರುತ್ತೆ. ಬೆನ್ನು ನೋವು ಅಂದ ದಿನ ಮಾತ್ರ ಅವತ್ತೇ ನಿಲ್ಲಿಸ್ತೀನಿ ಅಂತ ಅವಳಿಗೂ ಹೇಳಿದ್ದೀನಿ, ಮೇಷ್ಟ್ರಿಗೂ ಹೇಳಿದ್ದೀನಿ. ನೋವು ಬೇರೆ ಅಮ್ಮ, ಗಾಯ ಬೇರೆ."

"ಊರಿಗೆಲ್ಲ ಹೇಳಿದ್ದೀಯ. ನನಗೆ ಮಾತ್ರ ಹೇಳಿಲ್ಲ."

"ನಿನಗೆ ಹೇಳಿದ್ರೆ ಹತ್ತೀಲಿ ಸುತ್ತಿ ಕಪಾಟಿನಲ್ಲಿ ಇಡ್ತಿದ್ದೆ. ನನ್ನನ್ನ ಇಡ್ಲಿಲ್ವಾ?"

ಅವಳು ಶಾಲೆಯಲ್ಲಿ ಓಡುತ್ತಿದ್ದಳು. ಚೆನ್ನಾಗಿಯೇ ಓಡುತ್ತಿದ್ದಳು. ಒಂದು ಸಲ ಬಿದ್ದು ಮಂಡಿ ಸುಲಿದುಕೊಂಡು ಬಂದಾಗ, ಸಾಕು ಅಂತ ನಿಲ್ಲಿಸಿದೆ. ಆಗ ಹದಿಮೂರು ವಯಸ್ಸು. ಅದು ಬೇರೆ ವಿಷಯ. ಈಗ ಯಾಕೆ ಎತ್ತಿದಳೋ.

ಬಟ್ಟಲಿಗೆ ಐದನೇ ಸಲ ಅಚ್ಚು ಬದಲಿಸಿದೆ. ಈಗ ಕೂತಿತು.

ಸೆಪ್ಟೆಂಬರ್ 2, ಬುಧವಾರ

ಶೂ ಕೊಟ್ಟೆ. ನೋಡಲು ಚೆಂದವಿಲ್ಲ. ಹಿಮ್ಮಡಿ ದಪ್ಪ, ಮುಂದೆ ಮೊಂಡು ಮೂತಿ, ಹೊಲಿಗೆ ಎಲ್ಲ ಹೊರಗೆ. ನಾನು ಮಾಡಿದ ಅತಿ ಕುರೂಪಿ ಜೋಡಿ. ಹಾಕಿಕೊಂಡು ಎರಡು ಸಲ ನೆಲ ತುಳಿದಳು. ಅಂಗಡಿಯ ಗಾಜು ಅಲುಗಿತು. "ಇದು, ಅಜ್ಜಿ. ಇದು," ಅಂದಳು. ಮೋಡ ಗೀಡ ಅನ್ನಲಿಲ್ಲ.

ಸಂಜೆ ಮೈದಾನಕ್ಕೆ ನಾನೂ ಹೋದೆ. ನೂರ ಏಳು. ನೂರ ಆರು. ನೂರ ಏಳು. ಅದಕ್ಕೂ ಮೇಲೆ ಹತ್ತಲಿಲ್ಲ.

"ಕೊನೇ ಹೆಜ್ಜೆಗೆ ಬೆರಳು ಮಡಚಿಕೊಳ್ಳುತ್ತೆ," ಅಂದಳು. "ನಾನು ಬೇಡ ಅಂದ್ರೂ ಕೇಳಲ್ಲ. ಮುಂದೆ ಗೋಡೆ ಇದೆ ಅಂತ ಅದಕ್ಕೆ ಗೊತ್ತು."

ನನಗೂ ಗೊತ್ತಿತ್ತು. ಶೂ ಮುಗಿಸಿದ ದಿನವೇ ಚಾಕು ಕೈಗೆತ್ತಿಕೊಂಡಿದ್ದೆ. ಕೈ ಬರಲಿಲ್ಲ. ಇಪ್ಪತ್ತಾರು ವರ್ಷ ತೂತು ಮುಚ್ಚಿ ಬದುಕಿದ ಕೈ. ಹೊಸ ಚರ್ಮಕ್ಕೆ ತೂತು ಮಾಡು ಅಂದರೆ ಎಲ್ಲಿಂದ ಮಾಡುತ್ತದೆ.

ಮೇಷ್ಟ್ರು, "ಅಮ್ಮಾ, ಬೇಕಾದ್ರೆ ನಾನು ಕತ್ತರಿಸ್ತೀನಿ" ಅಂದರು.

ಕೊಕ್ಕರೆ ಶೂ ಎದೆಗವಚಿಕೊಂಡಳು. "ಬೇಡ ಸರ್. ಅಜ್ಜೀನೇ ಮಾಡ್ಬೇಕು. ಇಲ್ಲಾಂದ್ರೆ ಹೀಗೇ ಹಾಕ್ತೀನಿ."

ಹಟ. ಯಾರದ್ದು ಬಂದಿದೆಯೋ.

ಸೆಪ್ಟೆಂಬರ್ 5, ಶನಿವಾರ

ಬೆಳಗ್ಗೆ ಅವಳನ್ನು ಅಂಗಡಿಗೆ ಕರೆಸಿದೆ. ಉಗುರಿಗೆ ಸೀಮೆಸುಣ್ಣ ಬಳಿದು ಸಾಕ್ಸ್ ಇಲ್ಲದೆ ಶೂ ಹಾಕಿಸಿ, ಬೆಂಚಿನಿಂದ ಕೆಳಗೆ ಧುಮುಕಿಸಿದೆ. ಹತ್ತು ಸಲ. ಒಂದೊಂದು ಸಲಕ್ಕೂ ಅವಳ ಮುಖ ನೋಡಿದೆ. ಕಣ್ಣು ಮುಚ್ಚಲಿಲ್ಲ. ಶೂ ಬಿಚ್ಚಿದಾಗ ಮೂತಿಯೊಳಗೆ ಬಿಳಿ ಗುರುತು ಬಿದ್ದಿತ್ತು. ನಾನು ಊಹಿಸಿದ್ದಕ್ಕಿಂತ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಒಳಗೆ. ಊಹೆಯ ಮೇಲೆ ಕತ್ತರಿಸಿದ್ದರೆ ಕೆಟ್ಟಿತ್ತು.

ಚಾಕು ಮೂರು ಸಲ ಕೆಳಗಿಟ್ಟೆ. ಗಡಿಯಾರದಯ್ಯ ಗೋಡೆಯಾಚೆ ತನ್ನ ಗಡಿಯಾರಗಳನ್ನೆಲ್ಲ ನಿಲ್ಲಿಸಿ ಕೂತಂತಿತ್ತು, ಅಷ್ಟು ಸದ್ದಿಲ್ಲ. ನಾಲ್ಕನೇ ಸಲ ಚರ್ಮ ಕೊಯ್ದಿತು. ಸೋರೆಬೀಜದಷ್ಟು ಒಂದು ತುಂಡು ನನ್ನ ಮಡಿಲಿಗೆ ಬಿತ್ತು.

ಬಿಟ್ಟರೆ ಆ ಅಂಚು ಹರಿಯುತ್ತಾ ಹೋಗುತ್ತದೆ. ಅಂಗಿಯ ಗುಂಡಿಮನೆ ಹೊಲಿದ ಹಾಗೆ ಸುತ್ತ ಒತ್ತೊತ್ತಾಗಿ ಅಂಚು ಹೊಲಿದೆ. ಪರದೇಶದ ಶೂನ ತೂತಿಗೆ ಅಂಚು ಇರಲಿಲ್ಲ. ನನ್ನದಕ್ಕಿದೆ.

ಸೆಪ್ಟೆಂಬರ್ 6, ಭಾನುವಾರ

ಇವತ್ತು ಅಂಟು ಇಲ್ಲ, ಅಂಗಡಿ ಇಲ್ಲ. ಊಟದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಮಗಳು ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಾಳೆ.

ಮೂವತ್ತೆಂಟು ಹುಡುಗಿಯರು ಬಂದಿದ್ದರು. ಮಗಳು ರಜೆ ಹಾಕಿದ್ದಳು. ಗಡಿಯಾರದಯ್ಯ ಅಂಗಡಿ ಮುಚ್ಚಿ ಬಂದಿದ್ದ, ಬಿಳಿ ಅಂಗಿ ಹಾಕಿಕೊಂಡು, ತಾನೇ ಬೌಲ್ ಮಾಡುವವನ ಹಾಗೆ. ಹಗ್ಗದ ಆಚೆ ನಿಂತೆವು. ಯಂತ್ರದ ಅಂಕಿ ದೊಡ್ಡ ಹಲಗೆಯ ಮೇಲೆ ಬರುತ್ತಿತ್ತು.

ಇವಳ ಸರದಿ ಇಪ್ಪತ್ತೊಂದನೆಯದು. ನಾನು ಹಲಗೆ ನೋಡಲಿಲ್ಲ, ಎಡಗಾಲು ನೋಡಿದೆ. ಮೊದಲನೆಯದಕ್ಕೆ ಬೆರಳು ಇನ್ನೂ ಹಿಂಜರಿಯಿತು. ಹೆಜ್ಜೆ ಗಿಡ್ಡವಾದದ್ದು ನನಗೆ ಕಂಡಿತು. "ನೂರ ಆರು," ಅಂದ ಗಡಿಯಾರದಯ್ಯ. ಎರಡನೆಯದು ನೂರ ಎಂಟು. ಮೂರನೆಯದು ನೂರ ಎಂಟು. ನಾಲ್ಕನೆಯದು ನೂರ ಒಂಬತ್ತು. ಆಗ ಮಗಳು ನನ್ನ ಕೈ ಹಿಡಿದಳು. ನಾಡಿ ನೋಡಲಿಲ್ಲ.

ಐದನೆಯದು ಕೈ ಜಾರಿ ಎಲ್ಲೋ ಹೋಯಿತು. ನೂರ ನಾಲ್ಕು. ಹಿಂದೆ ಯಾರೋ ಚ್ ಅಂದರು.

ಕೊಕ್ಕರೆ ವಾಪಸು ನಡೆಯುವಾಗ ಒಂದು ಸಲ ಬಗ್ಗಿ ಎಡಗಾಲಿನ ಶೂ ನೋಡಿಕೊಂಡಳು. ತೂತಿನಲ್ಲಿ ಬೆರಳು ಒಮ್ಮೆ ಅಲುಗಿಸಿದಳು. ಸಾಕ್ಸ್ ಬಿಳಿಯದು, ನನಗೆ ಅಷ್ಟು ದೂರದಿಂದಲೂ ಕಂಡಿತು. ಆಮೇಲೆ ಓಡಿ ಬಂದಳು. ಹದಿನೈದು ಹೆಜ್ಜೆಯಲ್ಲಿ ಒಂದೂ ಗಿಡ್ಡವಾಗಲಿಲ್ಲ. ಎಡಗಾಲು ನೆಲಕ್ಕೆ ಬಂದ ಸದ್ದು ಹಗ್ಗದವರೆಗೆ ಕೇಳಿತು. ಮಂಡಿ ಬಗ್ಗಲಿಲ್ಲ. ಕಂಬ ನೆಟ್ಟ ಹಾಗೆ ನಿಂತಿತು, ಅವಳ ಮೈ ಅದರ ಮೇಲಿಂದ ಹಾದು ಹೋಯಿತು. ಚೆಂಡು ನಾನು ನೋಡಲೇ ಇಲ್ಲ.

ಯಾರೂ ಅಂಕಿ ಹೇಳಲಿಲ್ಲ. ಪಕ್ಕಕ್ಕೆ ತಿರುಗಿದರೆ ಗಡಿಯಾರದಯ್ಯ ಕನ್ನಡಕ ತೆಗೆದು ಕಣ್ಣೊರೆಸುತ್ತಿದ್ದಾನೆ. ಹಲಗೆ ನೋಡಿದೆ. ನೂರ ಹನ್ನೊಂದು.

ಆಮೇಲೆ ಆಯ್ಕೆಯವರಲ್ಲಿ ಒಬ್ಬಾಕೆ, ಒಂದು ಕಾಲಕ್ಕೆ ತಾವೂ ವೇಗವಾಗಿ ಹಾಕುತ್ತಿದ್ದವರು, ಕೊಕ್ಕರೆಯ ಶೂ ಕೈಗೆತ್ತಿಕೊಂಡರು. ತೂತಿನ ಸುತ್ತ ಬೆರಳಾಡಿಸಿದರು. "ನಾವೆಲ್ಲ ಬ್ಲೇಡಿನಲ್ಲಿ ಕೊಯ್ಕೊಂಡು ಆಡಿದ್ವಿ. ವಾರಕ್ಕೆ ಹರಿದು ಹೋಗೋದು. ಇದಕ್ಕೆ ಅಂಚು ಹೊಲಿದಿದ್ದಾರಲ್ಲ. ಎಲ್ಲಿ ತಗೊಂಡೆ?"

"ಅಲ್ಲಿ ನಿಂತಿದ್ದಾರಲ್ಲ, ಕನ್ನಡಕ ವಾರೆಯಾಗಿದೆ. ಅವರು," ಅಂದಳು ನನ್ನ ಮೊಮ್ಮಗಳು.

ನಾನು ಕನ್ನಡಕ ಸರಿ ಮಾಡಿಕೊಂಡೆ. ವಿನಯದ ಮಾತಾಡಲಿಲ್ಲ.

ಸೆಪ್ಟೆಂಬರ್ 20, ಭಾನುವಾರ

ಕೊಕ್ಕರೆ ಶಿಬಿರಕ್ಕೆ ಹೋಗಿ ಐದು ದಿನ. ಫೋನು ಮಾಡಿದ್ದಳು. ಹಳೇ ಉಗುರು ಬಿತ್ತಂತೆ, ಕೆಳಗೆ ಹೊಸದು ಅಕ್ಕಿಕಾಳಿನಷ್ಟು ಬಂದಿದೆಯಂತೆ. ಜೊತೆಯ ಇಬ್ಬರು ಹುಡುಗಿಯರು ತಮ್ಮ ಶೂ ಕಳಿಸುತ್ತೇವೆ ಅಂದರಂತೆ. ಶೂ ಕಳಿಸಿದರೆ ಸಾಲದು, ಕಾಲು ಬೇಕು, ಸೀಮೆಸುಣ್ಣ ಬಳಿದು ಧುಮುಕಿಸಬೇಕು ಅಂದೆ. ರಜೆಗೆ ಕರೆತರುತ್ತಾಳಂತೆ.

ಗಡಿಯಾರದಯ್ಯ ಮತ್ತೆ ಸಿದ್ಧಾಂತ ಶುರು ಮಾಡಿದ್ದ. "ಈಗ ಹೇಳಿ ಅಕ್ಕಾ. ಆ ದೇಶಗಳಲ್ಲಿ ಯಾಕೆ ಹುಟ್ತಾರೆ, ಇಲ್ಲಿ ಯಾಕೆ ಇಲ್ಲ?"

"ಇಲ್ಲೂ ಹುಟ್ತಾರೆ," ಅಂದೆ. "ನಾವು ತೇಪೆ ಹಾಕ್ಬಿಡ್ತೀವಿ." ಅವನು ಇನ್ನೂ ಏನೋ ಕೇಳುವವನಿದ್ದ, ನನಗೆ ಕೆಲಸವಿತ್ತು.

ಬೋರ್ಡಿಗೆ ಬಣ್ಣ ಬಳಿಯುವವನು ಬಂದಿದ್ದ. ಕಾಲಿಗೇ ಗೊತ್ತಾಗದು ಅನ್ನುವ ಕೆಳಗಿನ ಸಾಲು ಮತ್ತೆ ಬರೆಯಲಾ ಅಂತ ಕೇಳಿದ. ಬೇಡ, ಹೆಸರಷ್ಟೇ ಸಾಕು ಅಂದೆ. ಜಾಗವೂ ಕಡಿಮೆ ಇತ್ತು.

ಮಧ್ಯಾಹ್ನ ಮಗಳು ಬೆಳಗಿನ ಪಾಳಿ ಮುಗಿಸಿ ಬಂದಳು. ನನ್ನ ನಾಡಿ ನೋಡಿದಳು. ಆಮೇಲೆ ಹೇಳದೆ ಕೇಳದೆ ಈ ಪುಸ್ತಕ ನೆಲದ ಮೇಲೆ ಬಿಡಿಸಿಟ್ಟು, ಖಾಲಿ ಬಲಪುಟದ ಮೇಲೆ ಕಾಲಿಟ್ಟು ನಿಂತಳು. ಅವಳಿಗೆ ನಾನು ಆಸ್ಪತ್ರೆಯ ಪಾಳಿಗೆ ಎಷ್ಟೋ ಜೊತೆ ಮಾಡಿದ್ದೇನೆ, ಮೆತ್ತಗಿನವು.

"ಪಾಳಿಗೆ ಇನ್ನೊಂದು ಜೊತೆ ಬೇಕಾ?"

"ಅಲ್ಲ. ಓಡೋಕೆ. ಬೆಳಗ್ಗೆ ಮೈದಾನ ಖಾಲಿ ಇರುತ್ತೆ."

"ನಲವತ್ತೆರಡಾಯ್ತಲ್ಲೇ ನಿನಗೆ."

"ಬಿದ್ರೆ ಮಂಡಿ ಸುಲಿಯುತ್ತೆ ಅಷ್ಟೇ ಅಮ್ಮ."

ಪೆನ್ಸಿಲ್ ಚೂಪು ಮಾಡಿಕೊಂಡು ಕೆಳಗೆ ಕೂತೆ. ಗೆರೆ ಎಳೆದೆ. ಸಾಕ್ಸ್ ಬಿಚ್ಚಿಸಿಯೇ ಎಳೆದೆ.